ಮನೆಯಲ್ಲೇ ಡಿಎನ್‌ಎ ಪರೀಕ್ಷೆ: ವಂಶದ ಚರಿತ್ರೆ ಜೊಲ್ಲಿನಲ್ಲಿ ಎಷ್ಟು, ಕಾಗದದಲ್ಲಿ ಎಷ್ಟು?

ಅಂಚೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಮನೆಗೆ ಬರುತ್ತದೆ. ಒಳಗೆ ಪ್ಲಾಸ್ಟಿಕ್ ನಳಿಕೆಯೊಂದಿರುತ್ತದೆ. ಅರ್ಧ ಗಂಟೆ ಏನನ್ನೂ ತಿನ್ನದೆ, ಕುಡಿಯದೆ ಇದ್ದು, ಗುರುತು ಹಾಕಿದ ಗೆರೆಯವರೆಗೆ ಅದರಲ್ಲಿ ಜೊಲ್ಲು ತುಂಬಿಸಿ ಮರಳಿ ಅಂಚೆಗೆ ಹಾಕಿದರೆ ಗ್ರಾಹಕರ ಕೆಲಸ ಮುಗಿಯಿತು. ಕೆಲವು ವಾರಗಳ ನಂತರ ಕಂಪ್ಯೂಟರ್ ಪರದೆಯ ಮೇಲೆ ಎರಡು ಪಟ್ಟಿಗಳು ಮೂಡುತ್ತವೆ. ಪೂರ್ವಜರು ಯಾವ ಯಾವ ಭೂಭಾಗದವರು ಎಂಬುದು ಮೊದಲನೆಯದು. ಅದೇ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿಕೊಂಡವರ ಪೈಕಿ ರಕ್ತಸಂಬಂಧಿಗಳು ಯಾರು ಎಂಬುದು ಎರಡನೆಯದು.

ಅಮೆರಿಕದಲ್ಲಿ ಹುಟ್ಟಿ ಬೆಳೆದ ಈ ಉದ್ಯಮ ಎರಡೂವರೆ ದಶಕಗಳಲ್ಲಿ ಕೋಟ್ಯಂತರ ಮನೆಗಳನ್ನು ಮುಟ್ಟಿದೆ. ಆ ದೇಶದಲ್ಲಿ ನೆಲೆಸಿರುವ ಕನ್ನಡಿಗರೂ ಇದರ ಹೊರಗಿಲ್ಲ. ಅಲ್ಲಿ ಮಗಳು ಮಾಡಿಸಿಕೊಂಡ ಪರೀಕ್ಷೆಯ ಫಲಿತಾಂಶ ಇಲ್ಲಿ ದಾವಣಗೆರೆಯಲ್ಲೋ ಧಾರವಾಡದಲ್ಲೋ ಇರುವ ತಾಯಿ, ಸೋದರಮಾವ, ದೊಡ್ಡಪ್ಪನ ಮಕ್ಕಳ ವಿಷಯವನ್ನೂ ಹೇಳುತ್ತದೆ. ಆದ್ದರಿಂದ ಈ ಪರೀಕ್ಷೆ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು, ಹೇಳಿದ ಮೇಲೆ ಆ ಮಾಹಿತಿ ಯಾರ ಸ್ವತ್ತು ಎಂಬ ಮೂರು ಪ್ರಶ್ನೆಗಳನ್ನು ಅರಿತಿರುವುದು ಒಳಿತು.

ಉದ್ಯಮ ಬೆಳೆದ ಬಗೆ

ವಂಶಾವಳಿ ಹುಡುಕುವ ಹವ್ಯಾಸಿಗಳಿಗೆಂದು ಡಿಎನ್‌ಎ ಪರೀಕ್ಷೆಯನ್ನು ಮಾರಾಟಕ್ಕಿಟ್ಟ ಮೊದಲಿಗರಲ್ಲಿ ಹ್ಯೂಸ್ಟನ್ ನಗರದ ಫ್ಯಾಮಿಲಿ ಟ್ರೀ ಡಿಎನ್‌ಎ ಒಂದು. ಬೆನೆಟ್ ಗ್ರೀನ್‌ಸ್ಪ್ಯಾನ್ ಅದನ್ನು 2000ರಲ್ಲಿ ಆರಂಭಿಸಿದರು. 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಯಾದ 23ಆಂಡ್‌ಮಿ ಸಂಸ್ಥೆ ಮರುವರ್ಷದ ಕೊನೆಯಲ್ಲಿ ತನ್ನ ಪರೀಕ್ಷೆಯನ್ನು 999 ಡಾಲರ್ ಬೆಲೆಗೆ ಬಿಡುಗಡೆ ಮಾಡಿತು. ಮನುಷ್ಯನ ಜೀವಕೋಶದಲ್ಲಿರುವ 23 ಜೊತೆ ವರ್ಣತಂತುಗಳೇ ಆ ಹೆಸರಿನ ಮೂಲ. 2008ರಲ್ಲಿ 'ಟೈಮ್' ಪತ್ರಿಕೆ ಅದನ್ನು ವರ್ಷದ ಶ್ರೇಷ್ಠ ಆವಿಷ್ಕಾರವೆಂದು ಆರಿಸಿತು. 2012ರ ಕೊನೆಯ ವೇಳೆಗೆ ಬೆಲೆ 99 ಡಾಲರಿಗೆ ಇಳಿದಿತ್ತು.

ಅದೇ 2012ರಲ್ಲಿ ವಂಶಾವಳಿ ದಾಖಲೆಗಳ ದೊಡ್ಡ ಸಂಸ್ಥೆಯಾದ ಆನ್ಸೆಸ್ಟ್ರಿ ಈ ಕ್ಷೇತ್ರಕ್ಕಿಳಿಯಿತು. 2016ರಲ್ಲಿ ಇಸ್ರೇಲಿನ ಮೈಹೆರಿಟೇಜ್ ಬಂದಿತು. ಆನ್ಸೆಸ್ಟ್ರಿಯ ಬಳಿ ಇಂದು ಎರಡೂವರೆ ಕೋಟಿಗೂ ಹೆಚ್ಚು ಜನರ ಮಾದರಿಗಳ ಮಾಹಿತಿ ಇದೆ. 23ಆಂಡ್‌ಮಿ ಗ್ರಾಹಕರ ಸಂಖ್ಯೆ ಒಂದೂವರೆ ಕೋಟಿಯನ್ನು ದಾಟಿತ್ತು.

ಮೂರು ಬಗೆಯ ಪರೀಕ್ಷೆ

ಮನುಷ್ಯನ ವಂಶವಾಹಿ ಮಾಹಿತಿ ಸುಮಾರು 300 ಕೋಟಿ ಅಕ್ಷರಗಳ ಒಂದು ಬೃಹತ್ ಗ್ರಂಥವಿದ್ದಂತೆ. ಯಾವುದೇ ಇಬ್ಬರ ನಡುವೆ ಇದರ ಶೇ. 99.9ರಷ್ಟು ಒಂದೇ ಆಗಿರುತ್ತದೆ. ಮನೆ ಪರೀಕ್ಷೆಗಳು ಇಡೀ ಗ್ರಂಥವನ್ನು ಓದುವುದಿಲ್ಲ. ಜನರಿಂದ ಜನರಿಗೆ ವ್ಯತ್ಯಾಸ ಕಾಣುವ ಆರೇಳು ಲಕ್ಷ ಸ್ಥಾನಗಳನ್ನು ಮಾತ್ರ ಆರಿಸಿ ಓದುತ್ತವೆ. ಪರೀಕ್ಷೆಯಲ್ಲಿ ಮೂರು ಬಗೆಗಳಿವೆ.

ಮೊದಲನೆಯದು ವೈ ವರ್ಣತಂತುವಿನ ಪರೀಕ್ಷೆ. ಇದು ತಂದೆಯಿಂದ ಮಗನಿಗೆ ಮಾತ್ರ ಹೋಗುವ ವರ್ಣತಂತು. ಹೀಗಾಗಿ ತಂದೆ, ಆತನ ತಂದೆ, ಆತನ ತಂದೆ ಎಂಬ ಒಂದೇ ಗೆರೆಯನ್ನು ಇದು ಹಿಂಬಾಲಿಸುತ್ತದೆ. ಹೆಣ್ಣುಮಕ್ಕಳಲ್ಲಿ ವೈ ವರ್ಣತಂತು ಇಲ್ಲದ ಕಾರಣ ಅವರು ಈ ಗೆರೆಯನ್ನು ತಿಳಿಯಬೇಕಾದರೆ ತಂದೆಯೋ ಸಹೋದರನೋ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಎರಡನೆಯದು ಮೈಟೋಕಾಂಡ್ರಿಯಾ ಡಿಎನ್‌ಎ ಪರೀಕ್ಷೆ. ಇದು ತಾಯಿಯಿಂದ ಗಂಡು, ಹೆಣ್ಣು ಮಕ್ಕಳಿಬ್ಬರಿಗೂ ಬರುತ್ತದೆ, ಆದರೆ ಮುಂದಕ್ಕೆ ಹೋಗುವುದು ಮಗಳ ಮೂಲಕ ಮಾತ್ರ. ತಾಯಿ, ಆಕೆಯ ತಾಯಿ, ಆಕೆಯ ತಾಯಿ ಎಂದು ಸಾಗುವ ಗೆರೆ ಇದು.

ಕನ್ನಡ ನಾಡಿನ ಓದುಗರಿಗೆ ಇವೆರಡೂ ತೀರ ಅಪರಿಚಿತವಲ್ಲ. ತಂದೆಯ ಗೆರೆಯಲ್ಲಿ ಸಾಗುವ ಗೋತ್ರ, ತುಳುನಾಡಿನ ಅಳಿಯಸಂತಾನದಲ್ಲಿ ತಾಯಿಯಿಂದ ಬರುವ ಬಳಿ ಇದೇ ತರ್ಕದವು. ಆದರೆ ಗೋತ್ರವೂ ಬಳಿಯೂ ಸಾಮಾಜಿಕ ವ್ಯವಸ್ಥೆಗಳು. ದತ್ತು ಹೋದ ಮಗನ ಗೋತ್ರ ಬದಲಾಗುತ್ತದೆ, ವೈ ವರ್ಣತಂತು ಬದಲಾಗುವುದಿಲ್ಲ. ಎರಡನ್ನೂ ಒಂದೇ ಎಂದು ತಿಳಿಯುವುದು ತಪ್ಪಾದೀತು.

ಮೂರನೆಯದು, ಇಂದು ಹೆಚ್ಚು ಮಾರಾಟವಾಗುವುದು, ಉಳಿದ 22 ಜೊತೆ ವರ್ಣತಂತುಗಳ ಪರೀಕ್ಷೆ. ಇದರಲ್ಲಿ ತಂದೆಯ ಕಡೆ, ತಾಯಿಯ ಕಡೆ ಎರಡೂ ಸೇರಿರುತ್ತವೆ. ಆದರೆ ಪ್ರತಿ ತಲೆಮಾರಿನಲ್ಲಿಯೂ ಅರ್ಧದಷ್ಟು ಮಾತ್ರ ಮುಂದಕ್ಕೆ ಹೋಗುತ್ತದೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪ್ರತಿಯೊಬ್ಬರಿಗೂ ಲೆಕ್ಕಕ್ಕೆ 1,024 ಮಂದಿ ಪೂರ್ವಜರು. ಅವರಲ್ಲಿ ಅನೇಕರ ಡಿಎನ್‌ಎಯ ಒಂದು ತುಣುಕೂ ಈಗಿನವರಲ್ಲಿ ಉಳಿದಿರುವುದಿಲ್ಲ. ಅವರು ಪೂರ್ವಜರಲ್ಲವೆಂದು ಇದರ ಅರ್ಥವಲ್ಲ. ಪರೀಕ್ಷೆಗೆ ಅವರು ಕಾಣಿಸುವುದಿಲ್ಲ, ಅಷ್ಟೆ.

ಶೇಕಡಾವಾರು ಲೆಕ್ಕದ ಮರ್ಮ

ಫಲಿತಾಂಶದಲ್ಲಿ ಜನರು ಮೊದಲು ನೋಡುವುದು ಇಂತಿಷ್ಟು ಶೇಕಡಾ ಇಂತಹ ಪ್ರದೇಶ ಎಂಬ ಬಣ್ಣದ ನಕ್ಷೆಯನ್ನು. ಪರೀಕ್ಷೆಯ ಅತಿ ದುರ್ಬಲ ಭಾಗವೂ ಅದೇ.

ಸತ್ತ ಪೂರ್ವಜರ ಡಿಎನ್‌ಎ ಕಂಪೆನಿಗಳ ಬಳಿ ಇರುವುದಿಲ್ಲ. ತಲೆತಲಾಂತರದಿಂದ ಒಂದೇ ಪ್ರದೇಶದಲ್ಲಿ ನೆಲೆಸಿದವರೆಂದು ನಂಬಲಾದ, ಇಂದು ಬದುಕಿರುವ ಜನರ ಮಾದರಿಗಳನ್ನು ಅವು ಒಟ್ಟುಗೂಡಿಸಿಕೊಂಡಿರುತ್ತವೆ. ಗ್ರಾಹಕರ ಡಿಎನ್‌ಎ ಈ ಗುಂಪುಗಳಲ್ಲಿ ಯಾವುದನ್ನು ಎಷ್ಟು ಹೋಲುತ್ತದೆ ಎಂಬ ಅಂದಾಜೇ ಶೇಕಡಾವಾರು ಅಂಕಿ. ಪ್ರತಿ ಕಂಪೆನಿಯ ಮಾದರಿ ಸಂಗ್ರಹ ಬೇರೆ, ಗಣಿತ ಬೇರೆ. ಆದ್ದರಿಂದ ಒಬ್ಬರೇ ವ್ಯಕ್ತಿಗೆ ಎರಡು ಕಂಪೆನಿಗಳು ಎರಡು ಉತ್ತರ ಕೊಡುತ್ತವೆ. 2019ರಲ್ಲಿ ಕೆನಡಾದ ಸಿಬಿಸಿ ವಾಹಿನಿ ಒಂದೇ ರೂಪದ ಅವಳಿ ಸೋದರಿಯರ ಮಾದರಿಗಳನ್ನು ಐದು ಕಂಪೆನಿಗಳಿಗೆ ಕಳುಹಿಸಿ ನೋಡಿತು. ಕಂಪೆನಿಯಿಂದ ಕಂಪೆನಿಗೆ ಫಲಿತಾಂಶ ಬೇರೆಯಾಗಿದ್ದುದಷ್ಟೇ ಅಲ್ಲ, ಒಂದೇ ಕಂಪೆನಿ ಅವಳಿಗಳಿಬ್ಬರಿಗೆ ಬೇರೆ ಬೇರೆ ಲೆಕ್ಕ ಕೊಟ್ಟದ್ದೂ ಕಂಡುಬಂತು.

ಕಂಪೆನಿ ತನ್ನ ಸಂಗ್ರಹವನ್ನು ಪರಿಷ್ಕರಿಸಿದಾಗ ಹಳೆಯ ಗ್ರಾಹಕರ ನಕ್ಷೆಯೂ ಬದಲಾಗುತ್ತದೆ. ಮೊದಲು ಕಂಡ ಒಂದು ದೇಶ ಮಾಯವಾಗಿ ಇನ್ನೊಂದು ಬರುತ್ತದೆ. ಇಷ್ಟಾದರೂ ಜೊಲ್ಲು ಕೊಟ್ಟವರ ಡಿಎನ್‌ಎಯಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ.

ಸಂಗ್ರಹಗಳಲ್ಲಿ ಯುರೋಪ್ ಮೂಲದವರ ಮಾದರಿಗಳೇ ಹೆಚ್ಚು. ಐರ್ಲೆಂಡಿನ ಒಂದು ಜಿಲ್ಲೆಯವರೆಗೆ ಗುರುತಿಸಬಲ್ಲ ಪರೀಕ್ಷೆ ಭಾರತೀಯರಿಗೆ ಬಹುಕಾಲ 'ದಕ್ಷಿಣ ಏಷ್ಯಾ' ಎಂಬ ಒಂದೇ ಪದವನ್ನು ಕೊಡುತ್ತಿತ್ತು. ಈಚೆಗೆ ಉಪವಿಭಾಗಗಳು ಬಂದಿದ್ದರೂ ಅವು ಸ್ಥೂಲವಾಗಿಯೇ ಇವೆ. ಜಾತಿ, ಗೋತ್ರ, ಕುಲದೇವರು, ಮೂಲ ಊರು ಇವುಗಳಲ್ಲಿ ಯಾವುದನ್ನೂ ಪರೀಕ್ಷೆ ಹೇಳುವುದಿಲ್ಲ.

ನೆಂಟರ ಪಟ್ಟಿ

ಎರಡನೆಯ ಪಟ್ಟಿ, ಅಂದರೆ ನೆಂಟರ ಪಟ್ಟಿ, ಹೆಚ್ಚು ಗಟ್ಟಿಯಾದದ್ದು. ಇಬ್ಬರ ನಡುವೆ ಹಂಚಿಕೆಯಾದ ಡಿಎನ್‌ಎಯ ಪ್ರಮಾಣವನ್ನು ನೇರವಾಗಿ ಅಳೆಯಬಹುದು. ತಂದೆ ತಾಯಿಯರೊಡನೆ ಶೇ. 50, ಅಜ್ಜ ಅಜ್ಜಿಯರೊಡನೆ ಸರಾಸರಿ ಶೇ. 25, ಒಡಹುಟ್ಟಿದವರ ಮಕ್ಕಳ ನಡುವೆ ಸರಾಸರಿ ಶೇ. 12.5 ಹಂಚಿಕೆಯಾಗಿರುತ್ತದೆ. ಮುತ್ತಜ್ಜ ಮುತ್ತಜ್ಜಿಯರು ಒಂದೇ ಆಗಿರುವವರ ನಡುವೆ ಇದು ಸುಮಾರು ಶೇ. 3. ಇನ್ನೊಂದು ತಲೆಮಾರು ಹಿಂದೆ ಸಂಬಂಧವಿದ್ದರೆ ಶೇ. 1ಕ್ಕಿಂತ ಕಡಿಮೆ.

ತಂದೆ, ತಾಯಿ, ಒಡಹುಟ್ಟು ಎಂಬ ಹತ್ತಿರದ ಸಂಬಂಧಗಳಲ್ಲಿ ತಪ್ಪುವ ಸಾಧ್ಯತೆ ಅತ್ಯಲ್ಪ. ದೂರ ಹೋದಂತೆ ಒಂದೇ ಅಂಕಿಗೆ ಹಲವು ಅರ್ಥಗಳು. ಶೇ. 25 ಎಂದು ಬಂದರೆ ಆ ವ್ಯಕ್ತಿ ಅಜ್ಜನಾಗಿರಬಹುದು, ಚಿಕ್ಕಪ್ಪ ಅಥವಾ ಸೋದರಮಾವನಾಗಿರಬಹುದು, ಮಲತಾಯಿಯಲ್ಲಿ ಹುಟ್ಟಿದ ಸಹೋದರನೂ ಆಗಿರಬಹುದು. ಇವರಲ್ಲಿ ಯಾರೆಂದು ತೀರ್ಮಾನಿಸಲು ವಯಸ್ಸು, ಊರು, ಮದುವೆಯ ವರ್ಷ, ಹಿರಿಯರ ಹೇಳಿಕೆ ಬೇಕು. ಪರೀಕ್ಷೆಗೆ ಸಂಬಂಧದ ಅಳತೆ ಗೊತ್ತು, ಸಂಬಂಧದ ಕಥೆ ಗೊತ್ತಿಲ್ಲ.

ಒಂದು ಅಧ್ಯಕ್ಷರ ಮನೆತನದ ಪ್ರಕರಣ

ಈ ಮಾತಿಗೆ ಅತಿ ಪ್ರಸಿದ್ಧ ನಿದರ್ಶನ ಮನೆ ಪರೀಕ್ಷೆಗಳು ಬರುವುದಕ್ಕೂ ಮೊದಲಿನದು. ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ತಮ್ಮ ಮಾಂಟಿಸೆಲ್ಲೊ ಎಸ್ಟೇಟಿನಲ್ಲಿ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್‌ಳ ಮಕ್ಕಳ ತಂದೆ ಎಂಬ ಆರೋಪ 1802ರಲ್ಲೇ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಹೆಮಿಂಗ್ಸ್ ಸಂತತಿಯವರು ತಲೆಮಾರುಗಳಿಂದ ಅದನ್ನೇ ಹೇಳುತ್ತ ಬಂದರು. ಜೆಫರ್ಸನ್‌ರ ಮೊಮ್ಮಕ್ಕಳು ಅಲ್ಲಗಳೆದು, ಅವರ ಸೋದರಿಯ ಮಕ್ಕಳತ್ತ ಬೆರಳು ತೋರಿದರು. ಇತಿಹಾಸಕಾರರಲ್ಲಿ ಬಹುಮಂದಿ ಮೊಮ್ಮಕ್ಕಳ ಮಾತನ್ನೇ ನಂಬಿದ್ದರು.

1998ರ ನವೆಂಬರಿನಲ್ಲಿ 'ನೇಚರ್' ಪತ್ರಿಕೆ ಒಂದು ಸಂಶೋಧನೆಯನ್ನು ಪ್ರಕಟಿಸಿತು. ಜೆಫರ್ಸನ್‌ರಿಗೆ ಗಂಡು ಸಂತತಿ ಉಳಿಯದ ಕಾರಣ ಅವರ ಚಿಕ್ಕಪ್ಪ ದೊಡ್ಡಪ್ಪಂದಿರ ಸಾಲಿಗೆ ಸೇರಿದ ಫೀಲ್ಡ್ ಜೆಫರ್ಸನ್ ಎಂಬುವರ ವಂಶದ ಪುರುಷರಿಂದ ವೈ ವರ್ಣತಂತು ಪಡೆಯಲಾಯಿತು. ಅದು ಸ್ಯಾಲಿಯ ಕಿರಿಯ ಮಗ ಎಸ್ಟನ್ ಹೆಮಿಂಗ್ಸ್ ವಂಶಜನ ವರ್ಣತಂತುವಿಗೆ ಹೊಂದಿಕೆಯಾಯಿತು. ಸೋದರಿಯ ಮಕ್ಕಳ ವಂಶಕ್ಕೆ ಹೊಂದಲಿಲ್ಲ. ಜೆಫರ್ಸನ್ ವಂಶದವರೆಂದು ಹೇಳಿಕೊಳ್ಳುತ್ತಿದ್ದ ಮತ್ತೊಂದು ಕುಟುಂಬವಾದ ವುಡ್ಸನ್ ಮನೆತನಕ್ಕೂ ಹೊಂದಲಿಲ್ಲ. ಒಂದು ಮನೆತನದ ನೆನಪನ್ನು ವಿಜ್ಞಾನ ಎತ್ತಿಹಿಡಿಯಿತು, ಇನ್ನೊಂದರದ್ದನ್ನು ಅಲ್ಲಗಳೆಯಿತು.

ಆದರೆ ಅಷ್ಟರಿಂದಲೇ ಪ್ರಕರಣ ಮುಗಿಯಲಿಲ್ಲ. ಅದೇ ವೈ ವರ್ಣತಂತು ಥಾಮಸ್‌ರ ತಮ್ಮ ರ‍್ಯಾಂಡಾಲ್ಫ್ ಹಾಗೂ ಆತನ ಮಕ್ಕಳಲ್ಲಿಯೂ ಇತ್ತು. ಇವರಲ್ಲಿ ತಂದೆ ಯಾರೆಂದು ವೈ ವರ್ಣತಂತು ಹೇಳಲಾರದು. ಉತ್ತರ ಸಿಕ್ಕಿದ್ದು ಕಾಗದದಲ್ಲಿ. ಸ್ಯಾಲಿ ಗರ್ಭವತಿಯಾದ ಪ್ರತಿ ಸಂದರ್ಭದಲ್ಲಿಯೂ ಜೆಫರ್ಸನ್ ಮಾಂಟಿಸೆಲ್ಲೊದಲ್ಲಿ ಇದ್ದರೆಂಬುದು ದಾಖಲೆಗಳಿಂದ ತಿಳಿಯಿತು. ಆಕೆಯ ಇನ್ನೊಬ್ಬ ಮಗ ಮ್ಯಾಡಿಸನ್ 1873ರಲ್ಲಿ ಪತ್ರಿಕೆಗೆ ನೀಡಿದ್ದ ಹೇಳಿಕೆಯೂ ಇತ್ತು. ಇವೆಲ್ಲವನ್ನೂ ಒಟ್ಟಿಗಿಟ್ಟು ತೂಗಿ ನೋಡಿದ ಮಾಂಟಿಸೆಲ್ಲೊ ಪ್ರತಿಷ್ಠಾನ 2000ದಲ್ಲಿ, ಜೆಫರ್ಸನ್ ಅವರೇ ಎಸ್ಟನ್‌ನ ತಂದೆಯಾಗಿರುವ ಸಾಧ್ಯತೆ ಅತ್ಯಧಿಕ ಎಂದು ಒಪ್ಪಿತು.

ಕಾಗದವೇ ಇಲ್ಲದವರಿಗೆ

ಅಮೆರಿಕದ ಕರಿಯರು ಈ ಪರೀಕ್ಷೆಗಳತ್ತ ಒಲವು ತೋರಿಸಿದ್ದಕ್ಕೆ ಬಲವಾದ ಕಾರಣವಿದೆ. ಗುಲಾಮರಾಗಿದ್ದವರೆಲ್ಲರ ಹೆಸರುಗಳನ್ನೂ ಮೊದಲ ಬಾರಿಗೆ ದಾಖಲಿಸಿದ್ದು 1870ರ ಜನಗಣತಿ. ಅದಕ್ಕೂ ಹಿಂದೆ ಅವರು ಒಡೆಯರ ಆಸ್ತಿಪಟ್ಟಿಯಲ್ಲಿ ಲಿಂಗ, ವಯಸ್ಸುಗಳಿಂದ ಗುರುತಿಸಲಾದ ಅಂಕಿಗಳು ಮಾತ್ರ. ಅಂಥವರಿಗೆ ಆಫ್ರಿಕಾ ಖಂಡದ ಒಂದು ಭಾಗದ ಹೆಸರು ಸಿಕ್ಕರೂ ಅದು ದೊಡ್ಡದು.

ಕರ್ನಾಟಕದಲ್ಲಿಯೂ ಇದಕ್ಕೆ ಹೋಲುವ ಚರಿತ್ರೆಯುಳ್ಳ ಜನರಿದ್ದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಭಾಗದ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಜರಲ್ಲಿ ಅನೇಕರು ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದವರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದ, ಅಂದರೆ ಸಿಸಿಎಂಬಿಯ, ವಿಜ್ಞಾನಿಗಳು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಕುರಿತು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅವರ ವಂಶವಾಹಿಯ ಶೇ. 60ರಿಂದ 75ರಷ್ಟು ಆಫ್ರಿಕಾ ಮೂಲದ್ದು. ಬಂಟು ಭಾಷಿಕ ಜನರೊಡನೆ ನಂಟು ಕಂಡುಬಂತು. ಸ್ಥಳೀಯರೊಡನೆ ಬೆರೆತದ್ದು ಸುಮಾರು 200 ವರ್ಷಗಳ ಹಿಂದೆ ಎಂದು ಅಂದಾಜಿಸಲಾಯಿತು.

ಇಲ್ಲಿ ಪರೀಕ್ಷೆಯ ಶಕ್ತಿ, ಮಿತಿ ಎರಡೂ ಒಟ್ಟಿಗೆ ಕಾಣುತ್ತವೆ. ಬಂದದ್ದು ಎಲ್ಲಿಂದ ಎಂಬುದನ್ನು ಡಿಎನ್‌ಎ ಹೇಳಿತು. ಯಾವ ಹಡಗಿನಲ್ಲಿ, ಯಾರು ಮಾರಿದರು, ತಾಯಿ ಮಗುವನ್ನು ಯಾವ ಹೆಸರಿನಿಂದ ಕರೆಯುತ್ತಿದ್ದಳು ಎಂಬುದನ್ನು ಹೇಳಲಿಲ್ಲ.

ಸೋದರಿಕೆಯ ಮದುವೆ, ಅಮೆರಿಕದ ಗಣಿತ

ನೆಂಟರ ಪಟ್ಟಿಯ ವಿಷಯದಲ್ಲಿ ಭಾರತೀಯರು, ಅದರಲ್ಲಿಯೂ ದಕ್ಷಿಣ ಭಾರತೀಯರು ಎಚ್ಚರದಿಂದಿರಬೇಕಾದ ಕಾರಣವೊಂದಿದೆ. ತಂದೆಯ ಕಡೆ ಮತ್ತು ತಾಯಿಯ ಕಡೆ ಪರಸ್ಪರ ನೆಂಟರಲ್ಲ ಎಂಬ ಊಹೆಯ ಮೇಲೆ ಈ ಲೆಕ್ಕಗಳು ನಿಂತಿವೆ. ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಸೋದರಮಾವನನ್ನು, ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನು ಮದುವೆಯಾಗುವ ರೂಢಿ ಇದೆ.

ಸೋದರತ್ತೆಯ ಮಗನನ್ನು ವರಿಸಿದವಳ ಮಕ್ಕಳಿಗೆ ಎಂಟು ಮಂದಿ ಮುತ್ತಜ್ಜ ಮುತ್ತಜ್ಜಿಯರ ಬದಲು ಆರೇ ಮಂದಿ. ಅಕ್ಕನ ಮಗಳನ್ನು ಮದುವೆಯಾದವನ ಮಕ್ಕಳಿಗೆ ತಂದೆಯ ತಂದೆತಾಯಿಯೇ ತಾಯಿಯ ಕಡೆಯಿಂದ ಮುತ್ತಜ್ಜ ಮುತ್ತಜ್ಜಿಯರೂ ಆಗುತ್ತಾರೆ. ಇಂತಹ ಮದುವೆಗಳು ಹಲವು ತಲೆಮಾರು ನಡೆದ ಮನೆತನದಲ್ಲಿ ಇಬ್ಬರ ನಡುವೆ ಒಂದಲ್ಲ, ನಾಲ್ಕೈದು ದಾರಿಯ ನೆಂಟಸ್ತಿಕೆ ಇರುತ್ತದೆ. ಯಂತ್ರ ಎಲ್ಲವನ್ನೂ ಕೂಡಿಸಿ, ದೂರದ ನೆಂಟನನ್ನು ಹತ್ತಿರದವನೆಂದು ತೋರಿಸುತ್ತದೆ.

ಸಮುದಾಯದೊಳಗೇ ಮದುವೆಯಾಗುವ ಪದ್ಧತಿಯ ಪರಿಣಾಮವೂ ಇದರ ಜೊತೆ ಸೇರುತ್ತದೆ. ಸಿಸಿಎಂಬಿಯ ಲಾಲ್‌ಜಿ ಸಿಂಗ್, ಕೆ. ತಂಗರಾಜ್ ಹಾಗೂ ಹಾರ್ವರ್ಡ್‌ನ ಡೇವಿಡ್ ರೀಚ್ ಮೊದಲಾದವರು 2009ರಲ್ಲಿ ಪ್ರಕಟಿಸಿದ ಅಧ್ಯಯನ ದೇಶದ 25 ಸಮುದಾಯಗಳನ್ನು ಪರಿಶೀಲಿಸಿ, ಬಹುತೇಕ ಎಲ್ಲರೂ ಎರಡು ಪ್ರಾಚೀನ ಜನಸಮೂಹಗಳ ಬೆರಕೆ ಎಂದು ತೋರಿಸಿತು. 2013ರ ಮತ್ತೊಂದು ಅಧ್ಯಯನ ಈ ಬೆರಕೆ ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ನಡೆದು, ಆನಂತರ ಸಮುದಾಯಗಳು ತಮ್ಮೊಳಗೇ ಮದುವೆಗೆ ಸೀಮಿತವಾದವೆಂದು ಅಂದಾಜಿಸಿತು. ಕಲಬೆರಕೆಯಿಲ್ಲದ ವಂಶ ಎಂಬ ಹೆಮ್ಮೆಗೆ ಡಿಎನ್‌ಎಯಲ್ಲಿ ಆಧಾರ ಸಿಗುವುದಿಲ್ಲ.

2017ರ ಅಧ್ಯಯನವೊಂದು ದಕ್ಷಿಣ ಏಷ್ಯಾದ 263 ಸಮುದಾಯಗಳ ಪೈಕಿ 81ರಲ್ಲಿ, ಕೆಲವೇ ಪೂರ್ವಜರಿಂದ ಇಡೀ ಸಮುದಾಯ ಬೆಳೆದದ್ದರ ಗುರುತು ಫಿನ್ಲೆಂಡಿನವರಿಗಿಂತಲೂ ಬಲವಾಗಿದೆ ಎಂದು ಕಂಡುಕೊಂಡಿತು. ಇದಕ್ಕೆ ವೈದ್ಯಕೀಯ ಮಹತ್ವವೂ ಇದೆ. ಉದಾಹರಣೆಗೆ ವೈಶ್ಯ ಸಮುದಾಯದಲ್ಲಿ, ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧವನ್ನು ದೇಹ ಬೇಗ ಕರಗಿಸಲಾರದ ಆನುವಂಶಿಕ ಕೊರತೆ ಹೆಚ್ಚಾಗಿ ಕಾಣುತ್ತದೆ. ಇದು ವೈದ್ಯರಿಗೆ ಮೊದಲೇ ತಿಳಿದಿದ್ದರೆ ಅಪಾಯ ತಪ್ಪುತ್ತದೆ.

ಭಾರತೀಯರ ಮಾದರಿಗಳ ಕೊರತೆ ನೀಗಿಸುವ ಯತ್ನಗಳಲ್ಲಿ ಬೆಂಗಳೂರಿಗೆ ಮುಖ್ಯ ಪಾತ್ರವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 20 ಸಂಸ್ಥೆಗಳು ಸೇರಿ ನಡೆಸಿದ 'ಜೀನೋಮ್ ಇಂಡಿಯಾ' ಯೋಜನೆ ಸುಮಾರು 10 ಸಾವಿರ ಭಾರತೀಯರ ಪೂರ್ಣ ವಂಶವಾಹಿಯನ್ನು ಓದಿದೆ. 2025ರ ಜನವರಿಯಲ್ಲಿ ಈ ಮಾಹಿತಿಯನ್ನು ಸಂಶೋಧಕರಿಗೆ ಮುಕ್ತಗೊಳಿಸಲಾಯಿತು. ಇದು ಸಂಶೋಧನೆಗೆ ಮೀಸಲಾದದ್ದು, ವಂಶಾವಳಿ ಹುಡುಕುವ ಸೇವೆಯಲ್ಲ.

ಬಯಲಾಗುವ ಗುಟ್ಟು

ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ' ಕಾದಂಬರಿ 1965ರಲ್ಲಿ ಪ್ರಕಟವಾಯಿತು. ವಂಶದ ಶುದ್ಧಿಯನ್ನೇ ಬಾಳಿನ ಆಧಾರವೆಂದು ನಂಬಿದ್ದ ಶ್ರೀನಿವಾಸ ಶ್ರೋತ್ರಿಯರು ಕೊನೆಗಾಲದಲ್ಲಿ ತಮ್ಮ ಹುಟ್ಟಿನ ಗುಟ್ಟನ್ನು ಅರಿಯುತ್ತಾರೆ. ಅಂತಹ ಅರಿವು ಇಂದು ಮಿಂಚಂಚೆಯಲ್ಲಿ ಬರುತ್ತಿದೆ. ತಂದೆಯೆಂದು ತಿಳಿದವರು ತಂದೆಯಲ್ಲ, ಅರಿಯದ ಒಡಹುಟ್ಟು ಒಂದಿದೆ ಎಂಬ ಸಂಗತಿಗಳು ಕುತೂಹಲಕ್ಕೆ ಮಾಡಿಸಿದ ಪರೀಕ್ಷೆಯಿಂದ ಹೊರಬಿದ್ದು ಸಂಸಾರಗಳನ್ನು ಅಲುಗಿಸಿವೆ. ಇದು ಸಾಮಾನ್ಯ ಸಂಗತಿಯೇನಲ್ಲ. ಬೆಲ್ಜಿಯಂ, ನೆದರ್ಲೆಂಡ್ಸ್‌ಗಳ ಹಳೆಯ ಮನೆತನಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನ, ದಾಖಲೆಯ ತಂದೆಯೇ ನಿಜವಾದ ತಂದೆಯಲ್ಲದ ಪ್ರಮಾಣ ತಲೆಮಾರಿಗೆ ಸರಾಸರಿ ಶೇ. 1ರ ಆಸುಪಾಸಿನಲ್ಲಿತ್ತು ಎಂದು ಕಂಡುಕೊಂಡಿತು. ಆದರೆ ಕೋಟಿಗಟ್ಟಲೆ ಜನರು ಪರೀಕ್ಷೆ ಮಾಡಿಸಿಕೊಂಡಾಗ ಶೇ. 1 ಕೂಡ ಲಕ್ಷಾಂತರ ಮನೆಗಳಾಗುತ್ತದೆ.

ವೀರ್ಯದಾನಿಯ ಹೆಸರು ಎಂದಿಗೂ ಹೊರಬರುವುದಿಲ್ಲ ಎಂಬ ಆಸ್ಪತ್ರೆಗಳ ಭರವಸೆಯನ್ನೂ ಈ ಪರೀಕ್ಷೆಗಳು ಸಡಿಲಗೊಳಿಸಿವೆ. ದಾನಿ ತಾನೇ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದಿಲ್ಲ, ಆತನ ದಾಯಾದಿಯೊಬ್ಬ ಮಾಡಿಸಿಕೊಂಡರೆ ಸಾಕು.

ಇನ್ನೊಂದು ಬದಿಯಲ್ಲಿ, ಹುಡುಕುವ ಹಕ್ಕುಳ್ಳವರಿದ್ದಾರೆ. ಭಾರತದಿಂದ ವಿದೇಶಗಳಿಗೆ ದತ್ತು ಹೋದ ಮಕ್ಕಳಲ್ಲಿ ಅನೇಕರು ಇಂದು ನಡುವಯಸ್ಸಿನವರು. ಹೆತ್ತವರನ್ನು ಅರಸುವ ಅವರಿಗೆ ಅನಾಥಾಶ್ರಮದ ಕಡತ ಸಿಗದಿದ್ದಾಗ ಡಿಎನ್‌ಎ ಕೊನೆಯ ಆಸರೆ. ಆದರೆ ಹಳ್ಳಿಯಲ್ಲಿರುವ ತಾಯಿ ಅಮೆರಿಕದ ಕಂಪೆನಿಯೊಂದಕ್ಕೆ ಜೊಲ್ಲು ಕಳುಹಿಸಿರುವ ಸಂಭವ ಕಡಿಮೆ. 2022ರ ದತ್ತು ನಿಯಮಾವಳಿ ಮೂಲ ಹುಡುಕಾಟಕ್ಕೆ ಅವಕಾಶ ಕೊಟ್ಟಿದೆ. 18 ವರ್ಷ ತುಂಬಿದವರು ಸ್ವತಃ ಅರ್ಜಿ ಸಲ್ಲಿಸಬಹುದು. ಗುರುತು ಮುಚ್ಚಿಡಬೇಕೆಂದು ಹೆತ್ತವರು ಕೋರಿದ್ದರೆ ಅವರ ಒಪ್ಪಿಗೆ ಬೇಕು.

ಡಿಎನ್‌ಎ ಹೇಳಿದ್ದೆಲ್ಲ ಕಾನೂನಿನ ಸತ್ಯವಾಗುವುದಿಲ್ಲ ಎಂಬುದೂ ಗಮನಾರ್ಹ. ಊರ್ಜಿತ ವಿವಾಹದ ಅವಧಿಯಲ್ಲಿ ಹುಟ್ಟಿದ ಮಗುವನ್ನು ಆ ದಂಪತಿಯ ಮಗುವೆಂದೇ ಭಾರತದ ಸಾಕ್ಷ್ಯ ಕಾನೂನು ಭಾವಿಸುತ್ತದೆ. ಹಳೆಯ ಕಾಯ್ದೆಯ 112ನೇ ಕಲಮಿನಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಮಿನಲ್ಲಿ ಮುಂದುವರಿದಿದೆ. ಮಕ್ಕಳ ಡಿಎನ್‌ಎ ಪರೀಕ್ಷೆಗೆ ನ್ಯಾಯಾಲಯಗಳು ಸರಾಗವಾಗಿ ಆದೇಶಿಸಬಾರದು ಎಂದು ಸುಪ್ರೀಂ ಕೋರ್ಟ್ 2023ರ ಫೆಬ್ರವರಿಯಲ್ಲಿ ಹೇಳಿದೆ.

ಮಾಹಿತಿ ಯಾರ ಸ್ವತ್ತು?

2018ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯಾ ಪೊಲೀಸರು 1970 ಮತ್ತು 80ರ ದಶಕಗಳ ಸರಣಿ ಕೊಲೆ, ಅತ್ಯಾಚಾರ ಪ್ರಕರಣಗಳಲ್ಲಿ ಜೋಸೆಫ್ ಡಿಆಂಜೆಲೊ ಎಂಬ ಮಾಜಿ ಪೊಲೀಸನನ್ನು ಬಂಧಿಸಿದರು. ಆತ ಯಾವ ವಂಶಾವಳಿ ತಾಣಕ್ಕೂ ತನ್ನ ಡಿಎನ್‌ಎ ಕೊಟ್ಟಿರಲಿಲ್ಲ. ಆತನ ದೂರದ ನೆಂಟರು ಕೊಟ್ಟಿದ್ದರು. ಜೆಡ್‌ಮ್ಯಾಚ್ ಎಂಬ ತಾಣದಲ್ಲಿ ಸಿಕ್ಕ ಹೊಂದಿಕೆಯಿಂದ ಹೊರಟು, ವಂಶವೃಕ್ಷ ಕಟ್ಟಿ, ಪೊಲೀಸರು ಆತನನ್ನು ತಲುಪಿದರು. 2020ರಲ್ಲಿ ಆತ ತಪ್ಪೊಪ್ಪಿಕೊಂಡು ಜೀವಾವಧಿ ಶಿಕ್ಷೆಗೊಳಗಾದ. ಅಪರಾಧಿ ಸಿಕ್ಕಿದ್ದು ಒಳಿತೇ. ಆದರೆ ಒಬ್ಬರು ಕೊಟ್ಟ ಜೊಲ್ಲು ಕೇಳದೆ ಇರುವ ನೂರಾರು ನೆಂಟರನ್ನೂ ಬಯಲಿಗೆ ತರುತ್ತದೆ ಎಂಬುದು ಅಂದು ಸ್ಪಷ್ಟವಾಯಿತು.

ಕಂಪೆನಿಗಳ ಭದ್ರತೆಯೂ ಅಭೇದ್ಯವಲ್ಲ. 2023ರಲ್ಲಿ ಕಳ್ಳರು ಬೇರೆಡೆ ಸೋರಿದ ಗುಪ್ತಪದಗಳನ್ನು ಬಳಸಿ 23ಆಂಡ್‌ಮಿಯ ಸುಮಾರು 14 ಸಾವಿರ ಖಾತೆಗಳಿಗೆ ನುಗ್ಗಿದರು. ನೆಂಟರ ಪಟ್ಟಿಯ ಸೌಲಭ್ಯದ ಮೂಲಕ ಅಲ್ಲಿಂದ 69 ಲಕ್ಷ ಜನರ ಮಾಹಿತಿ ಅವರ ಕೈಸೇರಿತು. 2025ರ ಮಾರ್ಚಿನಲ್ಲಿ ಕಂಪೆನಿ ದಿವಾಳಿ ಅರ್ಜಿ ಸಲ್ಲಿಸಿತು. ಮಾಹಿತಿಯನ್ನು ಅಳಿಸಿಕೊಳ್ಳುವಂತೆ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಗ್ರಾಹಕರಿಗೆ ಸಲಹೆ ನೀಡಿದರು. ಕೊನೆಗೆ ಸ್ಥಾಪಕಿ ಆನ್ ವೊಜಿಸ್ಕಿ ನೇತೃತ್ವದ ಲಾಭರಹಿತ ಸಂಸ್ಥೆಯೊಂದು 30.5 ಕೋಟಿ ಡಾಲರಿಗೆ ಅದನ್ನು ಕೊಂಡಿತು. ಕದ್ದುಹೋದ ಗುಪ್ತಪದವನ್ನು ಬದಲಾಯಿಸಬಹುದು, ಕದ್ದುಹೋದ ಡಿಎನ್‌ಎಯನ್ನು ಬದಲಾಯಿಸಲಾಗದು.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಫ್ರಾನ್ಸಿನಲ್ಲಿ ಕುತೂಹಲಕ್ಕಾಗಿ ಇಂತಹ ಪರೀಕ್ಷೆ ಮಾಡಿಸಿಕೊಳ್ಳುವುದೇ ಅಪರಾಧ, 3,750 ಯೂರೊ ದಂಡವಿದೆ. ಅಮೆರಿಕದ 2008ರ ಕಾಯ್ದೆ ಆರೋಗ್ಯ ವಿಮೆ ಮತ್ತು ಉದ್ಯೋಗದಲ್ಲಿ ವಂಶವಾಹಿ ಆಧಾರಿತ ತಾರತಮ್ಯವನ್ನು ನಿಷೇಧಿಸುತ್ತದೆ, ಜೀವವಿಮೆಗೆ ಅನ್ವಯಿಸುವುದಿಲ್ಲ. ಭಾರತದಲ್ಲಿ 2019ರ ಡಿಎನ್‌ಎ ತಂತ್ರಜ್ಞಾನ ಮಸೂದೆಯನ್ನು ಸರ್ಕಾರ 2023ರಲ್ಲಿ ಹಿಂಪಡೆಯಿತು. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವಂಶವಾಹಿ ಮಾಹಿತಿಗೆ ಪ್ರತ್ಯೇಕ ವರ್ಗವನ್ನು ಗುರುತಿಸಿಲ್ಲ.

ಪರೀಕ್ಷೆಗೆ ಮುನ್ನ

ವಂಶದ ಚರಿತ್ರೆ ತಿಳಿಯಬಯಸುವವರಿಗೆ ಕನ್ನಡ ನಾಡಿನಲ್ಲಿ ಅಗ್ಗದ, ಅಪಾಯವಿಲ್ಲದ ಆಕರಗಳು ಸಾಕಷ್ಟಿವೆ. ಆಸ್ತಿಯ ಪೌತಿ ಖಾತೆಗಾಗಿ ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಹಳೆಯ ಪಹಣಿ, ವಿಭಾಗಪತ್ರ, ಕ್ರಯಪತ್ರ, ಶಾಲೆಯ ದಾಖಲಾತಿ ಪುಸ್ತಕ, ಲಗ್ನಪತ್ರಿಕೆ, ಚರ್ಚುಗಳ ದೀಕ್ಷಾಸ್ನಾನದ ವಹಿ, ಕಾಶಿ, ಗಯಾ, ತ್ರ್ಯಂಬಕೇಶ್ವರಗಳ ತೀರ್ಥಪುರೋಹಿತರ ಪುಸ್ತಕಗಳು ಇವುಗಳಲ್ಲಿ ಕೆಲವು.

ಉತ್ತರ ಕರ್ನಾಟಕದ ಹೆಳವರನ್ನು ಇಲ್ಲಿ ನೆನೆಯಬೇಕು. ಎತ್ತಿನ ಮೇಲೆ ಊರೂರು ಸುತ್ತಿ, ತಮಗೆ ಸೇರಿದ ಒಕ್ಕಲುಗಳ ಮನೆಯೆದುರು ನಿಂತು ತಲೆಮಾರುಗಳ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳುಕಡಿ ಪಡೆದು ಹೋಗುವುದು ಅವರ ಕುಲಕಸುಬು. ಮನೆತನ ಯಾವ ಊರಿನಿಂದ ಏಕೆ ಎದ್ದು ಬಂತು ಎಂಬಂತಹ, ಯಾವ ಪ್ರಯೋಗಾಲಯವೂ ಹೇಳಲಾಗದ ಸಂಗತಿಗಳು ಅವರ ಪುಸ್ತಕಗಳಲ್ಲಿವೆ. ಆದರೆ ಇಂತಹ ವಂಶಾವಳಿಗಳಲ್ಲಿ ಪುರುಷರ ಸಾಲೇ ಪ್ರಧಾನ. ಅಜ್ಜಿಯ ತಾಯಿ, ಆಕೆಯ ತಾಯಿಯ ಹೆಸರುಗಳು ಬಹುತೇಕ ಮನೆಗಳಲ್ಲಿ ಮರೆತುಹೋಗಿವೆ. ಆ ಗೆರೆ ಮೈಟೋಕಾಂಡ್ರಿಯಾದಲ್ಲಿ ಉಳಿದಿರುತ್ತದೆ, ಹೆಸರಿಲ್ಲದೆ.

ಪರೀಕ್ಷೆ ಮಾಡಿಸಿಕೊಳ್ಳಲೇಬೇಕೆನ್ನುವವರು ಕೆಲವು ಅಂಶಗಳನ್ನು ನೆನಪಿಡಬಹುದು. ತಂದೆ, ತಾಯಿ, ಒಡಹುಟ್ಟಿದವರಿಗೆ ಮೊದಲೇ ತಿಳಿಸುವುದು ಉಚಿತ, ಏಕೆಂದರೆ ಫಲಿತಾಂಶ ಅವರದ್ದೂ ಹೌದು. ನೆಂಟರ ಪಟ್ಟಿಯಲ್ಲಿ ಹೆಸರು ಕಾಣಿಸಬೇಕೇ, ಮಾಹಿತಿಯನ್ನು ಸಂಶೋಧನೆಗೆ ಕೊಡಬೇಕೇ, ಉಳಿದ ಜೊಲ್ಲನ್ನು ನಾಶಪಡಿಸಬೇಕೇ ಎಂಬ ಆಯ್ಕೆಗಳನ್ನು ಓದಿ ಗುರುತು ಹಾಕಬೇಕು. ನಕ್ಷೆಯ ಶೇಕಡಾವಾರನ್ನು ಅಂದಾಜೆಂದೇ ಭಾವಿಸಬೇಕು. ಅನಿರೀಕ್ಷಿತ ಉತ್ತರ ಬಂದರೆ ಅದನ್ನು ಯಾರಿಗೆ, ಹೇಗೆ ಹೇಳುವುದೆಂದು ನಳಿಕೆ ತೆರೆಯುವ ಮೊದಲೇ ಯೋಚಿಸಿರಬೇಕು.

ಎಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸಕ್ಕೆ ಪೆಟ್ಟಿಗೆ ತರಿಸಬೇಕಿಲ್ಲ. ಮನೆಯ ಹಿರಿಯರ ಬಳಿ ಕುಳಿತು ಹೆಸರು, ಊರು, ಕೊಟ್ಟು ತಂದ ಮನೆಗಳನ್ನು ಕೇಳಿ ಬರೆದಿಟ್ಟುಕೊಳ್ಳುವುದು ಆ ಕೆಲಸ. ಡಿಎನ್‌ಎ ಪರೀಕ್ಷೆಯನ್ನು ಹತ್ತು ವರ್ಷ ಬಿಟ್ಟು ಮಾಡಿಸಿದರೂ ಮೊಮ್ಮಕ್ಕಳ ಜೊಲ್ಲಿನಲ್ಲಿ ಅದೇ ಅಕ್ಷರಗಳಿರುತ್ತವೆ. ಎಂಬತ್ತು ದಾಟಿದ ಅಜ್ಜಿಯ ನೆನಪು ಅಷ್ಟು ಕಾಲ ಕಾಯುವುದಿಲ್ಲ.